ಓರ್ವೆನ್ ಶಿಖರ

ಅಂಟಾರ್ಕ್ಟಿಕಾ, ನಮ್ಮ ಠಾಣೆ
ಜನವರಿ 28, 1961

ಪ್ರೀತಿಯ ಥೆಲ್ಮಾ,

ನಾನು ಕ್ಷೇಮ, ನನ್ನ ಗಡ್ಡವೂ ಕ್ಷೇಮ. ಪತ್ರ ತಡವಾಯಿತೆಂದು ಬೈಯಬೇಡ. ಇಲ್ಲಿ ಅಂಚೆಯವನು ವರ್ಷಕ್ಕೊಮ್ಮೆ ಹಡಗಿನಲ್ಲಿ ಬರುತ್ತಾನೆ. ಆ ಹಡಗು ನಿನ್ನೆ ಬಂತು. ಚೀಲದಲ್ಲಿ ನಿನ್ನ ಕಾಗದವಿರಲಿಲ್ಲ. ಗಡಿಬಿಡಿಯಲ್ಲಿ ಎಲ್ಲೋ ತಪ್ಪಿರಬೇಕು ಎಂದು ಎಲ್ಲರಿಗೂ ಹೇಳಿದೆ. ಚಳಿಗಾಲದಲ್ಲಿ ನಿನ್ನ ತಂತಿ ನಿಂತಾಗಲೂ ಹವೆ ಕೆಟ್ಟಿದೆ, ರೇಡಿಯೊ ಹಿಡಿಯುತ್ತಿಲ್ಲ ಎಂದಿದ್ದೆ. ಈ ಹಡಗು ಪತ್ರ ಒಯ್ಯುತ್ತದೆ. ನಮ್ಮನ್ನು ಕರೆದೊಯ್ಯಲೆಂದೇ ಬರುವ ಇನ್ನೊಂದರಲ್ಲಿ, ಮಾರ್ಚ್ ಹೊತ್ತಿಗೆ, ನಾನೇ ಹೋಬಾರ್ಟ್ ಬಂದರಿನಲ್ಲಿ ಇಳಿಯುತ್ತೇನೆ. ನೀನು ಬರುತ್ತೀಯಲ್ಲ?

ಒಂದು ತಮಾಷೆ ಕೇಳು. ನನ್ನ ದೆಸೆಯಿಂದ ಒಂದು ಬೆಟ್ಟಕ್ಕೆ ಹೆಸರು ಬಿತ್ತು.

ದಕ್ಷಿಣಕ್ಕೆ, ನಾಯಿಗಳು ಎಳೆಯುವ ಬಂಡಿಯಲ್ಲಿ ವಾರದ ದಾರಿ, ಹಿಮದ ನಡುವೆ ಶಿಖರವೊಂದು ಒಂಟಿಯಾಗಿ ನಿಂತಿದೆ. ನಮ್ಮ ಅಳತೆಗಾರ ಟಿಂಡಲ್ ಅಕ್ಟೋಬರಿನಲ್ಲಿ ಅದನ್ನು ಅಳೆದು ಬಂದ. ನಕ್ಷೆ ಕಚೇರಿಯ ನಿಯಮದಂತೆ ಹೆಂಡತಿ ಮಕ್ಕಳ ಹೆಸರು ಇಡುವಂತಿಲ್ಲ. ಅಡುಗೆಯವನಿಂದ ಹಿಡಿದು ನಾಯಿ ಸಾಕುವವನ ತನಕ ಎಲ್ಲರ ಹೆಸರೂ ಬೇರೆ ಬೆಟ್ಟಗಳಿಗೆ ಖರ್ಚಾಗಿತ್ತು.

"ಇದನ್ನ ಖಾಲಿ ಬಿಡು ಕ್ಲೈವ್, ಆಮೇಲೆ ನೋಡೋಣ," ಎಂದ ಟಿಂಡಲ್.

ನಾನು ಹೆಸರುಗಳನ್ನು ನಕ್ಷೆ ಕಚೇರಿಗೆ ತಂತಿಯಲ್ಲಿ ಬಡಿದೆ. ಕೊನೆಯದು ಆ ಶಿಖರ. ನನ್ನ ಕೈಗೊಂದು ಚಾಳಿ ಇದೆಯಲ್ಲ, ನಿನಗೆ ಕಳಿಸುವ ಪ್ರತಿ ತಂತಿಯನ್ನೂ ಒಂದೇ ಪದದಿಂದ ಮುಗಿಸುವುದು. ಅಂದೂ ಕೈ ತಾನಾಗಿಯೇ ಬಡಿದುಬಿಟ್ಟಿತು: ಓರ್ವೆನ್.

ಉತ್ತರ ಬಂತು: ಓರ್ವೆನ್ ಶಿಖರ, ಒಪ್ಪಿಗೆ. ಹೆಸರಿನ ಮೂಲ ತಿಳಿಸಿ.

ಠಾಣೆಯ ಮುಖ್ಯಸ್ಥರಾದ ಹ್ಯಾಡ್ಲಿ ಅದನ್ನು ಊಟದ ಮೇಜಿನಲ್ಲಿ ಓದಿದರು. "ಯಾರಯ್ಯ ಈ ಓರ್ವೆನ್? ನಮ್ಮಲ್ಲಿ ಆ ಹೆಸರಿನೋನು ಯಾರೂ ಇಲ್ವಲ್ಲ?"

ಅಡುಗೆಯ ಮೆರ್ವ್ ಸೌಟು ಹಿಡಿದೇ ನಕ್ಕ. "ಅದು ಹೆಸರಲ್ಲ ಮಾರಾಯ್ರೆ, ತಂತಿ ಪುಸ್ತಕದ ಗೂಢಪದ, ಕಾಸು ಉಳಿಸೋಕೆ ಉದ್ದದ ಮಾತಿಗೆ ಒಂದೇ ಪದ. ‘ಮುನಿಸು ಬಿಡು ಚಿನ್ನ, ನೀನಿಲ್ದೆ ಆಗಲ್ಲ’ ಅಂತ. ಕ್ಲೈವ ಬೆಟ್ಟಕ್ಕೇ ಪ್ರೇಮಪತ್ರ ಬರ್ದಿದಾನೆ."

"ನೀನೇನ್ ಕಮ್ಮಿ? ಹೋದ್ ವಾರ ಎರಡ್ ಸಲ ನನ್ ಕೈಲೇ ಕಳಿಸ್ಲಿಲ್ವಾ?" ಎಂದೆ.

ಸುಳ್ಳು ಮೂಲ ಬರೆಯಲು ಹ್ಯಾಡ್ಲಿಯವರಿಗೆ ಮನಸ್ಸು ಬಾರದು. ಕೈತಪ್ಪಿ ಬಡಿದದ್ದೆಂದು ಒಪ್ಪಿದರೆ ಹೆಸರು ಹೋಗುತ್ತದೆ. ಅದು ಉಳಿಯಲಿ ಎಂದು ನನ್ನ ಜೀವ ಒದ್ದಾಡುತ್ತಿತ್ತು.

"ಇದನ್ನ ಮನೆಗೆ ಕಳಿಸದ ಗಂಡ ಯಾರಾದ್ರೂ ಇದ್ರೆ ಕೈ ಎತ್ತಿ," ಎಂದರು ಹ್ಯಾಡ್ಲಿ. ಒಂದು ಕೈಯೂ ಏಳಲಿಲ್ಲ. "ಸರಿ ಹಾಗಾದ್ರೆ, ಬಡಿ ಕ್ಲೈವ್. ಮೂಲ: ಠಾಣೆಯವರೆಲ್ಲ ದಿನಾ ಹೇಳೋ ಮಾತು."

ಹೊಸ ನಕ್ಷೆ ನಿನ್ನೆಯ ಹಡಗಿನಲ್ಲೇ ಬಂತು. ಹೆಸರು ಅಚ್ಚಾಗಿದೆ. ಅದನ್ನು ಎಷ್ಟು ಸಲ ಬಿಡಿಸಿ ನೋಡಿದೆನೋ ನನಗೇ ಗೊತ್ತಿಲ್ಲ.

ಪುಟ್ಟ ಬೆರಿಲ್‌ಗೆ ಅಪ್ಪನ ಮುತ್ತು. ದೇವರು ನಿಮ್ಮಿಬ್ಬರನ್ನೂ ಬೆಚ್ಚಗಿಟ್ಟಿರಲಿ.

ನಿನ್ನವನೇ,
ಕ್ಲೈವ್

ಇನ್ನೊಂದು ಮಾತು: ಹವೆ ಕೆಟ್ಟಿರಲಿಲ್ಲ ಥೆಲ್ಮಾ. ಉಳಿದವರ ಹೆಂಡಿರ ತಂತಿಗಳೆಲ್ಲ ಬರುತ್ತಿದ್ದವು, ಇಳಿಸಿಕೊಂಡವನು ನಾನೇ. ಮೇ ತಿಂಗಳಲ್ಲಿ ನಿನ್ನ ಕೊನೆಯದು ಬಂದಾಗ ಅರ್ಥ ನೋಡಲು ತಂತಿ ಪುಸ್ತಕ ತೆಗೆದೆ, ಅದು ಬೇಕಾಗಲಿಲ್ಲ. ನೀನು ಗೂಢಪದ ಬಿಟ್ಟು ಮಾತನ್ನೇ ಬರೆದಿದ್ದೆ: ‘ಬಂದ ಮೇಲೆ ಮಾತಾಡೋಣ.’ ಸರಿ, ಮಾತಾಡೋಣ, ಏನಿದ್ದರೂ ಕೂತು ಕೇಳುತ್ತೇನೆ. ಬಂದರಿಗೆ ಮಾತ್ರ ಬಾ. ನಾನು ಹೇಳಬೇಕಾದದ್ದು ನಕ್ಷೆಯಲ್ಲಿ ಅಚ್ಚಾಗಿದೆ, ಇನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ.