ಎಚ್ಚರವಿದ್ದೇ ಆಪರೇಷನ್

ಮಾರ್ಚ್ ೧೧, ಮಂಗಳವಾರ

ಗುರುವಾರ ನಮ್ಮ ಮನೆಯವರ ಆಪರೇಷನ್. ಒಪ್ಪಿಗೆ ಕಾಗದಕ್ಕೆ ಸಹಿ ಮಾತ್ರ ಇನ್ನೂ ಬಿದ್ದಿಲ್ಲ. ಪ್ರಾಸ್ಟೇಟ್ ಊದಿಕೊಂಡು ಮೂತ್ರ ಕಟ್ಟಿದೆ, ಮೂರು ವಾರದಿಂದ ಕೊಳವೆ ಹಾಕಿಸಿಕೊಂಡೇ ಓಡಾಡುತ್ತಿದ್ದಾರೆ. ಹೃದಯ ಸರಿಯಿಲ್ಲ, ಪೂರ್ತಿ ಪ್ರಜ್ಞೆ ತಪ್ಪಿಸುವುದು ಬೇಡ, ಸೊಂಟದ ಕೆಳಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಾಡೋಣ ಎಂದರು ಡಾಕ್ಟರು. ನೋವು ತಿಳಿಯುವುದಿಲ್ಲವಂತೆ, ಎಚ್ಚರ ಇರುತ್ತದಂತೆ.

ಆ ಎಚ್ಚರವೇ ಇವರಿಗೆ ಬೇಡ.

"ನರ್ಸ್ ಹುಡುಗೀರೆಲ್ಲ ಸುತ್ತ ನಿಂತಿರ್ತಾರೆ ಕಣೇ. ಪ್ರಜ್ಞೆ ಇಲ್ದಿದ್ರೆ ನಂಗೆ ಗೊತ್ತಾಗಲ್ಲ."

"ನಾಲ್ಕು ಹೆತ್ತೆ, ಎಚ್ಚರವಾಗೇ. ಬೀದಿ ಹೆಂಗಸರೆಲ್ಲ ನಿಂತಿದ್ರು. ನಿಮ್ಮದೇನು ಮುಚ್ಚಿಡೋಂಥ ಒಡವೆಯಾ?" ಎಂದೆ.

ಬಾಗಿಲ ಮರೆಯಲ್ಲಿದ್ದ ಮೊಮ್ಮಗಳು ಕಿಸಕ್ಕನೆ ನಕ್ಕಳು. ಇವರು ನಗಲಿಲ್ಲ.

"ಆಗ ನಿಂಗೂ ನಾಚಿಕೆ ಆಗಿತ್ತಾ?"

ಮದುವೆಯಾದ ನಲವತ್ತೆಂಟು ವರ್ಷದಲ್ಲಿ ಇವರು ಇದನ್ನು ಕೇಳಿದ್ದು ಇದೇ ಮೊದಲು.

"ಸತ್ತೇ ಹೋಗೋಷ್ಟು. ಮಗು ಅತ್ತ ಮೇಲೆ ಮರೆತೋಯ್ತು."

"ನಂಗೆ ಅಳೋಕೆ ಮಗೂನೂ ಇಲ್ವಲ್ಲೇ."

"ಕೊಳವೆ ಇಲ್ದೆ ಒಂದ್ಸಲ ಉಚ್ಚೆ ಹೊಯ್ಯಿರಿ, ಎಲ್ಲಾ ಮರೆತು ಹೋಗುತ್ತೆ."

ಆಗ ನಕ್ಕರು. "ನಾಳೆ ಸಹಿ ಹಾಕ್ತೀನಿ. ನೀನು ಬಾಗಿಲ ಹತ್ರಾನೇ ಇರ್ತೀಯ ತಾನೆ?" ಎಂದರು.

ನನ್ನ ಒಂದು ಹೆರಿಗೆಗೂ ಇವರು ಬಾಗಿಲ ಹತ್ತಿರ ಇರಲಿಲ್ಲ. ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಇರ್ತೀನಿ ಎಂದೆ. ಎಲ್ಲಾ ಮುಗಿದು ಸುಖವಾಗಿ ಮನೆಗೆ ಬರಲಿ, ಆಮೇಲೆ ಹೇಳದೆ ಬಿಡುವವಳಲ್ಲ ನಾನು.