ನನ್ನ ಪಾಲಿನ ಇಪ್ಪತ್ತು ಪದ

ಜನವರಿ 12, ಭಾನುವಾರ

ಪ್ರಾಕ್ಟೀಸ್ ಹತ್ತಕ್ಕೆ. ನಾನು ಹತ್ತಕ್ಕೆ. ಉಳಿದ ಮೂವರು ಹತ್ತೂ ಮುಕ್ಕಾಲಿಗೆ. ಜಯನಗರದ ವಿಶ್ರುತ್ ಮನೆಯ ಕಾರ್ ಶೆಡ್ಡು, ಸದ್ದು ಹೊರಗೆ ಹೋಗದಿರಲಿ ಎಂದು ಗೋಡೆ ತುಂಬ ಮೊಟ್ಟೆ ಟ್ರೇ. ಮೊಟ್ಟೆ ಮುಟ್ಟದ ಮನೆ. ಒಂಬತ್ತು ವರ್ಷದ ಹಿಂದೆ ಅಷ್ಟೂ ಟ್ರೇ ಹೊತ್ತು ತಂದವಳು ನಾನು. ನನ್ನ ಡ್ರಮ್ಸ್ ಸದ್ದು ಇವತ್ತಿಗೂ ಅವನ ಅಜ್ಜಿ ಮೀನಾಕ್ಷಮ್ಮನವರಿಗೆ ಕೇಳಿಸುತ್ತದೆ, ಟ್ರೇ ಮಾತ್ರ ಕಾಣಿಸುವುದಿಲ್ಲ.

ಸುದ್ದಿ: ಫೆಬ್ರವರಿ 22, ಜೆ.ಪಿ. ನಗರದಲ್ಲಿ ಸಂಗೀತೋತ್ಸವ. ಕೊನೆಗೆ ನಮ್ಮ ಬ್ಯಾಂಡ್. ಪುಸ್ತಕ ಅಚ್ಚು ಹಾಕಿಸುತ್ತಾರಂತೆ, ಒಬ್ಬೊಬ್ಬರ ಸಂಗೀತದ ಹಿನ್ನೆಲೆ ಬೇಕಂತೆ. ನಮ್ಮಲ್ಲಿ ನಿಯಮ ಇದೆ — ಯಾರೂ ತಮ್ಮ ಬಗ್ಗೆ ತಾವು ಹೇಳಿಕೊಳ್ಳುವಂತಿಲ್ಲ, ಸ್ಟೇಜಿನ ಮೇಲೂ. ನಿಯಮ ಮಾಡಿದವಳು ನಾನೇ. ಇಲ್ಲದಿದ್ದರೆ ವಿಶ್ರುತ್ ಅಜ್ಜಿಯ ವೀಣೆಯಿಂದ ಶುರು ಮಾಡಿ ಗಿಟಾರಿಗೆ ಬರುವಷ್ಟರಲ್ಲಿ ಜನ ಎದ್ದು ಹೋಗಿರುತ್ತಾರೆ.

ಯಾರು ಯಾರ ಬಗ್ಗೆ ಬರೆಯಬೇಕು ಎಂದು ಚೀಟಿ ಎತ್ತಿದೆವು. ನನಗೆ ಕೀಬೋರ್ಡಿನ ಮೌನೇಶ. ಮೌನೇಶನಿಗೆ ಹಾಡುವ ಸಮನ್ವಿತಾ. ಸಮನ್ವಿತಾಗೆ ವಿಶ್ರುತ್. ವಿಶ್ರುತ್‌ಗೆ ನಾನು.

ಜನವರಿ 15, ಬುಧವಾರ

ಸಂಕ್ರಾಂತಿಯ ಎಳ್ಳು ಡಬ್ಬಿ ಹಿಡಿದು ಬಿಟಿಎಂಗೆ, ಮೌನೇಶನ ಪಿಜಿಗೆ. ಕೊಪ್ಪಳದ ಕಡೆಯ ಹುಡುಗ. ಮಠದ ಭಜನೆಯಲ್ಲಿ ಹಾರ್ಮೋನಿಯಂ. ಜಾಝ್ ಕಲಿತದ್ದು ಆಫೀಸ್ ಕ್ಯಾಬ್‌ನಲ್ಲಿ, ಇಯರ್‌ಫೋನಿನಿಂದ.

"ಸುಳ್ಳು ಬರೀಬ್ಯಾಡ್ರಿ ಅಕ್ಕಾರ. ಹೆಂಗೈತಿ ಹಂಗ ಬರೀರಿ."

"ನೊಟೇಶನ್ ಓದೋಕ್ಕೆ ಬರಲ್ಲ ಅನ್ನೋದನ್ನೂ ಬರೀಲಾ?"

"ಅದೊಂದು ಬಿಡ್ರಿ."

ಬಿಟ್ಟೆ. ಇನ್ಶೂರೆನ್ಸ್ ಏಜೆಂಟ್ ನಾನು, ಏನು ಬಿಡಬಹುದು ಏನು ಬಿಡಬಾರದು ಎನ್ನುವುದೇ ಕೆಲಸ. ಆದರೆ ಅವನಿಗೆ ಕಲಿಸಿದ ದ್ಯಾಮಣ್ಣ ಮಾಸ್ತರರ ಹೆಸರು ಮೊದಲ ಸಾಲಿಗೆ ಹಾಕಿದೆ.

ಜನವರಿ 19, ಭಾನುವಾರ

ವಿಶ್ರುತ್ ಕತ್ರಿಗುಪ್ಪೆಗೆ ಬಂದಿದ್ದ. ನಮ್ಮ ಮನೆಗೆ ಮೊದಲ ಸಲ. ಅರ್ಧ ಗಂಟೆ ಎಂದವನು ಮೂರು ಗಂಟೆ ಕೂತ. ನನ್ನನ್ನು ಕೇಳಿದ್ದು ಐದು ನಿಮಿಷ, ಉಳಿದದ್ದೆಲ್ಲ ಅಪ್ಪನ ಹತ್ತಿರ.

ಅಪ್ಪ ಮದುವೆ ಬ್ಯಾಂಡ್ ಸೆಟ್ಟಿನಲ್ಲಿ ಮೂವತ್ತನಾಲ್ಕು ವರ್ಷ ಸೈಡ್ ಡ್ರಮ್. ಹನ್ನೆರಡನೇ ವಯಸ್ಸಿಗೆ ನನಗೂ ಟೋಪಿ ಹಾಕಿಸಿ ಸಾಲಿನಲ್ಲಿ ನಿಲ್ಲಿಸಿದ. ಮದುವೆಮನೆಯವರು ಹುಡುಗ ಅಂದುಕೊಂಡರು, ನಾವೂ ತಿದ್ದಲಿಲ್ಲ.

ಇವತ್ತು ಊಟದ ತಟ್ಟೆ ಮಗುಚಿ ಹಾಕಿ ತೋರಿಸಿದ. "ಮೆರವಣಿಗೇಲಿ ಮುಂದೆ ನಡೆಯೋರು ಯಾರು? ವಯಸ್ಸಾದ ಹೆಂಗಸ್ರು. ಲೆಕ್ಕಕ್ಕೆ ಸರಿಯಾಗಿ ಬಾರಿಸಿದ್ರೆ ಅವರು ಓಡ್ಬೇಕಾಗುತ್ತೆ. ಅದಕ್ಕೆ ಪೆಟ್ಟು ಒಂದು ಕೂದ್ಲಷ್ಟು ತಡ ಬೀಳ್ಬೇಕು. ಕಾಲಿಗೆ ಕಾಯೋದು ಅಂತೀವಿ."

"ಮಾಸ್ಟ್ರೇ, ಇನ್ನೊಂದ್ಸಲ," ಎಂದ ವಿಶ್ರುತ್. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ. ನಮ್ಮ ಬ್ಯಾಂಡಿನ ಪೆಟ್ಟು ಬೇರೆ ಥರ ಎಂದು ಒಂಬತ್ತು ವರ್ಷದಿಂದ ಎಲ್ಲರೂ ಹೊಗಳುವುದು ಇದನ್ನೇ. ಅದು ಎಲ್ಲಿಂದ ಬಂತೆಂದು ಇವನಿಗೆ ಇವತ್ತು ತಿಳಿಯಿತು.

ಮಟನ್ ಸಾರು ಬೇಡ ಎಂದ. ಹುರುಳಿಕಾಯಿ ಪಲ್ಯಕ್ಕೆ ಎರಡು ಸಲ ಅನ್ನ ಹಾಕಿಸಿಕೊಂಡ.

ಅವನು ಹೋದ ಮೇಲೆ ಅಪ್ಪ: "ಬುಕ್‌ನಲ್ಲಿ ಬರುತ್ತಾ ಮಣಿ?"

"ಬರುತ್ತೆ."

"ಅಚ್ಚಲ್ಲಿ?"

ಆರತಕ್ಷತೆಯ ಕಾರ್ಡಿನಲ್ಲಿ ಹಾಡುವವರ ಹೆಸರಿರುತ್ತದೆ. ನಾಗಸ್ವರದವರದೂ ಇರುತ್ತದೆ. ಬ್ಯಾಂಡಿನವರದು ಇರುವುದಿಲ್ಲ. ಸೆಟ್ಟಿನ ಬೋರ್ಡಿನ ಮೇಲೂ ಮಾಲೀಕರ ಮಗಳ ಹೆಸರು. ಮೂವತ್ತನಾಲ್ಕು ವರ್ಷದಲ್ಲಿ ಮುನಿಯಣ್ಣ ಎಂಬ ಅಪ್ಪನ ಹೆಸರು ಅಚ್ಚಾದದ್ದು ರೇಷನ್ ಕಾರ್ಡಿನಲ್ಲಿ ಮಾತ್ರ.

ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿತ್ತು. ಮೂಲೆಮನೆ ಮರಿಯಮ್ಮ ಆಂಟಿ ತಮಗೂ ಒಂದು ಪುಸ್ತಕ ಎಂದರು. ಲೆಕ್ಕ ಹಾಕಿದೆ — ಹನ್ನೊಂದು ಕಾಪಿ ಬೇಕು.

ಫೆಬ್ರವರಿ 13, ಗುರುವಾರ, ಸಂಜೆ 4

ಪುಸ್ತಕ ಬಂತು. ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಓದಿದೆ. ಎರಡು ಬಸ್ ಬಿಟ್ಟೆ.

ನನ್ನ ಪುಟ, ಪೂರ್ತಿ: "ಚೂಡಾಮಣಿ, ಡ್ರಮ್ಸ್. ಯಾವ ಗುರುವಿನ ಬಳಿಯೂ ಕಲಿಯದೆ ಸ್ವಂತ ಪರಿಶ್ರಮದಿಂದ ಬೆಳೆದ ಪ್ರತಿಭೆ. ವೃತ್ತಿಯಲ್ಲಿ ವಿಮಾ ಏಜೆಂಟ್. ವೇದಿಕೆಯ ಮೇಲೆ ಇವರ ಮಾತು ಕೇಳುವುದೇ ಒಂದು ಹಬ್ಬ."

ಎಣಿಸಿದೆ. ಇಪ್ಪತ್ತು ಪದ.

ವಿಶ್ರುತ್‌ನ ಪುಟ, ನೂರ ನಲವತ್ತು. ವೀಣೆ, ಅಜ್ಜಿ, ವಿದೇಶದ ಕೋರ್ಸ್. ಆಮೇಲೆ — "ಹಳೆಯ ಬೆಂಗಳೂರಿನ ಹೆಸರು ತಿಳಿಯದ ಬೀದಿ ವಾದ್ಯಗಾರರ ನಡುವೆ ಓಡಾಡಿ, ಮರೆಯಾಗುತ್ತಿದ್ದ ತಾಳದ ನಡೆಯೊಂದನ್ನು ಪತ್ತೆ ಹಚ್ಚಿದರು. ತಂಡದ ವಿಶಿಷ್ಟ ಲಯಕ್ಕೆ ಇದೇ ಬುನಾದಿ."

ಹೆಸರು ತಿಳಿಯದ.

ಆ ಪುಟ ಬರೆದದ್ದು ಸಮನ್ವಿತಾ. ಫೋನ್ ಮಾಡಿದೆ.

"ಚೂಡಕ್ಕ, ಅವನು ರೆಕಾರ್ಡಿಂಗ್ ಕಳಿಸಿ, ಇದನ್ನೂ ಸೇರಿಸು ಅಂದ. ನಾನು ನೀಟಾಗಿ ಬರೆದೆ ಅಷ್ಟೆ."

"ಅದರಲ್ಲಿ ಮಾತಾಡ್ತಿರೋದು ಯಾರು ಅಂತ ಕೇಳ್ಲಿಲ್ವಾ?"

"ಯಾರೋ ತಾತ ಅಂತ..." ಆಮೇಲೆ ದನಿ ತಗ್ಗಿಸಿದಳು. "ಗೊತ್ತಿತ್ತು ಚೂಡಕ್ಕ. ನಿಮ್ಮನ್ನ ಕೇಳಿರ್ತಾನೆ ಅನ್ಕೊಂಡೆ."

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಇದ್ದ. "ಬಂತಾ?"

"ಪ್ರೆಸ್‌ನಲ್ಲಿ ಲೇಟು."

ಪುಸ್ತಕ ನನ್ನ ಬ್ಯಾಗಿನಲ್ಲೇ ಇತ್ತು.

ಫೆಬ್ರವರಿ 14, ಶುಕ್ರವಾರ

ನಾಲ್ಕನೇ ಬ್ಲಾಕಿನ ದರ್ಶಿನಿ. ವಿಶ್ರುತ್ ಎರಡು ಕಾಫಿ ತಂದು ಕಟ್ಟೆಯ ಮೇಲಿಟ್ಟ. ನನ್ನದು ನಾನು ಮುಟ್ಟಲಿಲ್ಲ.

"ಅಕ್ಕ, ಎಡಿಟಿಂಗಲ್ಲಿ ಹೋಯ್ತು."

"ಎಡಿಟ್ ಮಾಡಿದ್ಯಾರು?"

"...ನಾನೇ. ಕೇಳು, ಮದುವೆ ಬ್ಯಾಂಡ್ ಅಂತ ಬರೆದ್ರೆ ಫೆಸ್ಟಿವಲ್‌ನವರು ನಿನ್ನ ಹೆಂಗ್ ನೋಡ್ತಾರೆ? ನಿನಗೆ ಮುಜುಗರ ಆಗ್ಬಾರ್ದು ಅಂತ."

"ನನ್ನ ಪುಟದಲ್ಲಿ ಮುಜುಗರ ಆಗೋದು ನಿನ್ನ ಪುಟದಲ್ಲಿ ಸಂಶೋಧನೆ ಹೆಂಗಾಯ್ತೋ?"

ಕಾಫಿ ಕುಡಿದ. ಅವನದು ಮುಗಿದಿತ್ತು, ಖಾಲಿ ಲೋಟವನ್ನೇ ಕುಡಿದ.

"ಅದು ಒಬ್ಬರ ಸ್ವತ್ತಲ್ಲ ಅಕ್ಕ. ಎಲ್ಲಾ ಬ್ಯಾಂಡ್‌ನವ್ರೂ ಬಾರಿಸ್ತಾರೆ. ನಿಮ್ಮಪ್ಪನೇ ಹೇಳಿದ್ರು."

"ಹೇಳ್ತಾನೆ. ನೀನು ಮಾತ್ರ ಪತ್ತೆ ಹಚ್ಚಿದ್ದು."

ಕೊನೆಗೆ ಕೈ ಮುಗಿಯುವುದೊಂದು ಬಾಕಿ. "ಸ್ಟೇಜ್ ಮೇಲೆ ನಿನ್ನ ಇಂಟ್ರೊ ಮಾಡೋನು ನಾನೇ ತಾನೆ? ಮೈಕಲ್ಲಿ ಹೇಳ್ತೀನಿ. ಮುನಿಯಣ್ಣ ಅವರ ಮಗಳು, ಮುನಿಯಣ್ಣ ಅವರ ಶಿಷ್ಯೆ. ಅವರನ್ನ ಎಬ್ಬಿಸಿ ನಿಲ್ಲಿಸ್ತೀನಿ. ಪ್ರಾಮಿಸ್."

ದಿನಕ್ಕೆ ನಾಲ್ಕು ಮಂದಿಗೆ ಭರವಸೆ ಮಾರುವವಳು ನಾನು. ಅವನ ಭರವಸೆಗೆ ತಲೆಯಾಡಿಸಿ ಬಂದೆ.

ಫೆಬ್ರವರಿ 22, ಶನಿವಾರ, ಮಧ್ಯಾಹ್ನ

ಅಪ್ಪ ಕೋಟು ಇಸ್ತ್ರಿ ಮಾಡಿಸಿದ್ದಾನೆ. ಪುಸ್ತಕ ಪ್ರೆಸ್‌ನಲ್ಲೇ ಕೆಟ್ಟಿತು ಎಂದೆ. ಮೈಕಿನಲ್ಲಿ ಹೇಳುತ್ತಾರೆ ಎಂದೆ.

"ಮೈಕಲ್ಲಾ? ಅದು ಇನ್ನೂ ವಾಸಿ. ಓದೋಕೆ ಬರ್ದೋರ್ಗೂ ಕೇಳ್ಸುತ್ತೆ."

ಫೆಬ್ರವರಿ 23, ಭಾನುವಾರ, ಬೆಳಿಗ್ಗೆ 6.40

ನಿನ್ನೆಯದನ್ನು ಬರೆದು ಮುಗಿಸಬೇಕು.

ಹಾಲ್ ತುಂಬಿತ್ತು. ಅಪ್ಪ ಮೂರನೇ ಸಾಲು, ಪಕ್ಕದಲ್ಲಿ ಮರಿಯಮ್ಮ ಆಂಟಿ. ಪರಿಚಯದ ಹೊತ್ತಿಗೆ ಮೊದಲು ನಾನು ಮೌನೇಶನ ಬಗ್ಗೆ ಹೇಳಿದೆ, ದ್ಯಾಮಣ್ಣ ಮಾಸ್ತರರ ಹೆಸರಿನೊಂದಿಗೆ. ಚಪ್ಪಾಳೆ. ಮೌನೇಶ ಸಮನ್ವಿತಾಳದು. ಸಮನ್ವಿತಾ ವಿಶ್ರುತ್‌ನದು, ಪುಸ್ತಕದ ಪುಟವನ್ನೇ ಬಾಯಿಪಾಠ. ನನ್ನ ಕಡೆ ತಿರುಗಲಿಲ್ಲ. ಆಮೇಲೆ ವಿಶ್ರುತ್ ಮೈಕಿಗೆ ಬಂದ.

"ನಮ್ಮ ಚೂಡಕ್ಕ. ಇವರ ಬಗ್ಗೆ ಏನ್ ಹೇಳೋದು? ಕಂಪ್ಲೀಟ್ಲಿ ಸೆಲ್ಫ್ ಮೇಡ್."

ಅಪ್ಪ ಎದ್ದು ನಿಲ್ಲಲು ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡಿದ್ದ. ಅದು ನನಗೆ ಕಾಣಿಸಿತು. ವಿಶ್ರುತ್‌ಗೂ ಕಾಣಿಸಿತು, ಆ ಕಡೆಗೇ ನೋಡುತ್ತಿದ್ದ. ಒನ್, ಟೂ ಎಂದು ಎಣಿಸಿ ಹಾಡು ಶುರು ಮಾಡಿಬಿಟ್ಟ.

ನನ್ನ ಮುಂದೆಯೂ ಮೈಕಿತ್ತು. ಆನ್ ಇತ್ತು. ಒಂಬತ್ತು ವರ್ಷ ಅದರಲ್ಲಿ ಜನರನ್ನು ನಗಿಸಿದ್ದೇನೆ. ನಿನ್ನೆ ಒಂದು ಹೆಸರು ಹೇಳಲಾಗಲಿಲ್ಲ. ನಿಯಮ ನನ್ನದೇ ಎಂದು ಸುಮ್ಮನಿದ್ದೆನೋ, ಹಾಡು ಕೆಡುತ್ತದೆ ಎಂದೋ... ಬರೆದು ನೋಡಿದರೆ ಎರಡೂ ನಿಲ್ಲುವುದಿಲ್ಲ. ಕೋಲೆತ್ತಿ ಬಾರಿಸಿದೆ. ಚೆನ್ನಾಗಿಯೇ ಬಾರಿಸಿದೆ, ಅದೇ ನಾಚಿಕೆ.

ವಾಪಸ್ ಬರುವಾಗ ಆಟೊದಲ್ಲಿ ಅಪ್ಪ ಕೋಟಿನ ಗುಂಡಿ ಬಿಚ್ಚಿ ಕೂತ. ಕೈಯಲ್ಲಿ ಪುಸ್ತಕ. ಬಾಗಿಲಲ್ಲಿ ಎಲ್ಲರಿಗೂ ಹಂಚಿದ್ದರಂತೆ.

ಇವತ್ತು ಬೆಳಿಗ್ಗೆ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದ. ಬೈಗುಳಕ್ಕೆ ಕಾಯುತ್ತ ಕೂತಿದ್ದೆ.

"ಮಣಿ, ಹುಡುಗನ ಪುಟದಲ್ಲಿರೋ ಬೀದಿ ವಾದ್ಯಗಾರರು ಯಾರಮ್ಮ?"

ಉತ್ತರಕ್ಕೆ ಕಾಯದೆ ತಾನೇ ಹೇಳಿದ.

"ನಮ್ಮನ್ನ ನೋಡಿ ಆದ್ಮೇಲೆ ಇನ್ಯಾರ್ ಹತ್ರಾನೋ ಹೋಗಿದಾನೆ. ಅವರಿಂದ ಕಲ್ತಿದಾನೆ."

"ಅಪ್ಪ, ಅದು..."

"ನಂದಾಗಿದ್ರೆ ಹೆಸರು ಹಾಕ್ದೇ ಇರ್ತಿದ್ನಾ? ಎರಡು ಸಲ ಕೇಳಿ ಫೋನಲ್ಲಿ ತುಂಬ್ಕೊಂಡ. ನಮ್ಮನೇಲಿ ಊಟ ಮಾಡಿದ ಹುಡುಗ." ಪುಟವನ್ನು ಅಂಗೈಯಲ್ಲಿ ಸವರಿದ. "ಅರೆಕೆರೆ ಪಿಳ್ಳಣ್ಣ ಇರ್ಬೇಕು. ಅವನೂ ಹಿಂಗೇ ಬಾರಿಸ್ತಿದ್ದ. ನನಗಿಂತ ಸ್ವಲ್ಪ ಚೆನ್ನಾಗೇ ಅನ್ನು. ಈಗ ಹಾಸಿಗೆ ಹಿಡಿದಿದಾನೆ, ಪಾಪ. ಹೇಳಿದ್ರೆ ಖುಷಿ ಪಡ್ತಾನೆ."

ಈಗ ಒಳಗೆ ಫೋನಿನಲ್ಲಿದ್ದಾನೆ. ಜೋರಾಗಿ, ಒಂದೊಂದೇ ಅಕ್ಷರ ಕೂಡಿಸಿ, ಪಿಳ್ಳಣ್ಣನಿಗೆ ಆ ಸಾಲು ಓದಿ ಹೇಳುತ್ತಿದ್ದಾನೆ. ಮೂರನೇ ಸಲ. "ನೀನೇ ಕಣೋ, ಅಚ್ಚಲ್ಲಿ ಬಂದಿದೀಯ," ಎನ್ನುತ್ತಿದ್ದಾನೆ. ಆ ಕಡೆಯಿಂದ ಏನೋ ಸದ್ದು, ನಗುವೋ ಅಳುವೋ ಇಲ್ಲಿಗೆ ತಿಳಿಯುತ್ತಿಲ್ಲ.

ಎದ್ದು ಹೋಗಿ ಫೋನ್ ಕೊಡು ಎನ್ನಬೇಕು. ಇಸಿದುಕೊಂಡು ಪಿಳ್ಳಣ್ಣನಿಗೆ ಏನೆಂದು —