ಉದ್ದ ತೋಳಿನೊಳಗಿನ ಸದ್ದು

ಜೂನ್ ೧೧, ಮಂಗಳವಾರ

ಕಿಡ್ನಿ ರೋಗಿಗಳ ಆರೈಕೆಯ ಆನ್‌ಲೈನ್ ಕೋರ್ಸಿನ ಪರೀಕ್ಷೆಗೆ ಒಂದಕ್ಷರ ಓದಿಲ್ಲ. ಓದಲು ಕೂತರೆ ನಮ್ಮ ಡಯಾಲಿಸಿಸ್ ವಾರ್ಡಿಗೆ ಚಿಕಿತ್ಸೆಗೆ ಬರುವ ದರ್ಜಿ ಅಕ್ಕನೇ ಕಣ್ಣ ಮುಂದೆ ಬರುತ್ತಾರೆ.

ಡಯಾಲಿಸಿಸ್ ಸೂಜಿಗೆಂದು ರಕ್ತನಾಳ ಜೋಡಿಸಿದ ಕಡೆ ಅವರ ಕೈ ಉಬ್ಬಿದೆ. ಸೆಕೆಯಲ್ಲೂ ಉದ್ದ ತೋಳಿನ ರವಿಕೆ ಹಾಕಿ ಅದನ್ನು ಮುಚ್ಚಿಡುತ್ತಾರೆ. ಗಂಡನಿಗೂ ತೋರಿಸುವುದಿಲ್ಲವಂತೆ.

ಆ ಜಾಗದ ಸದ್ದನ್ನು ರೋಗಿಗೇ ಕೇಳಿಸಿ ಅಂತ ಮೊನ್ನೆ ಪಾಠದಲ್ಲಿ ಹೇಳಿದ್ದರು. ಇವತ್ತು ಸೂಜಿ ಹಾಕುವ ಮೊದಲು ಸ್ಟೆತಸ್ಕೋಪನ್ನು ಅಕ್ಕನ ಕಿವಿಗೇ ಇಟ್ಟೆ.

"ಅಯ್ಯೋ, ಏನಿದು ಗುಂಯ್ ಅಂತಿದೆ?"

"ನಿಮ್ಮ ರಕ್ತಾನೇ ಅಕ್ಕ. ಸದ್ದು ಇದ್ರೆ ಎಲ್ಲಾ ಸರಿ ಇದೆ ಅಂತ. ನಿಂತ್ರೆ ಮಾತ್ರ ತಕ್ಷಣ ಬಂದ್ಬಿಡಿ."

"ಪಾಪ, ಇಷ್ಟೊಂದು ದುಡೀತಿದೆಯಾ! ನಾನು ಬರೀ ಬೈತಿದ್ದೆ ಇದನ್ನ."

ಆಮೇಲೆ ಹೊರಗೆ ಕೂತಿದ್ದ ಗಂಡನನ್ನು ಅವರೇ ಕರೆಸಿದರು. ರವಿಕೆಯ ತೋಳು ಮೇಲಕ್ಕೆ ಸರಿಸಿ, "ನೀವೂ ಕೇಳ್ರೀ" ಅಂದರು. ಯಜಮಾನರು ಕಣ್ಣು ಮುಚ್ಚಿ ಕೇಳಿದರು. ಕೇಳುತ್ತಲೇ ಆ ಉಬ್ಬಿನ ಮೇಲೆ ಮೆಲ್ಲಗೆ ಬೆರಳಿಟ್ಟರು.

"ನೋವಾಗುತ್ತಾ?"

"ಇಲ್ಲ. ಇಟ್ಕೊಳ್ಳಿ."

ಸೂಜಿ ಹಾಕುವ ಹೊತ್ತಾಗಿತ್ತು. ಆದರೂ ನಾನು ಪಕ್ಕದ ಹಾಸಿಗೆಯತ್ತ ಹೋಗಿ ನಿಂತೆ. ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.